ಪೈಲ್ವಾನನ ಮನೆಯ ನೀರು

ಗ್ಯಾನಿಯನ್ನು ಗೋಡೆಗೆ ಒರಗಿಸಿ ಎರಡೂ ಮೊಣಕಾಲು ಕೂಡಿಸಿ ನಿಲ್ಲಿಸಿದರೆ ಹಿಮ್ಮಡಗಳ ನಡುವೆ ಎಂಟು ಬೆರಳು ಸಂದು ಉಳಿಯುತ್ತಿತ್ತು. ದಸರೆಯಲ್ಲಿ ಅಳೆದಾಗ ಐದು ಬೆರಳಿತ್ತು. ಹೊನ್ನೂರಮ್ಮ ಮತ್ತೊಮ್ಮೆ ಬೆರಳಿಟ್ಟು ಎಣಿಸಿದಳು. ಎಂಟೇ.

“ನೆಟ್ಟಗ ನಿಂದ್ರಬೇ.”

“ನೆಟ್ಟಗೇ ನಿಂತೀನವ್ವಾ.”

ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಂಟು ವರ್ಷದ ಕೂಸು ತನ್ನ ಕೈಲಾದಷ್ಟು ನೆಟ್ಟಗೇ ನಿಂತಿತ್ತು. ಮೊಣಕಾಲು ಒಂದಕ್ಕೊಂದು ಆತುಕೊಂಡು ಅಲ್ಲಿಂದ ಕೆಳಗೆ ಕಾಲುಗಳು ಎರಡು ದಿಕ್ಕಿಗೆ ಹೋಗಿದ್ದವು. ನಡೆದರೆ ಮೊಣಕಾಲು ತಿಕ್ಕಿ ಒಳಗಡೆ ಚರ್ಮ ಸುಲಿಯುತ್ತಿತ್ತು. ದಾರಿಯಲ್ಲಿ ಹುಡುಗರು ಅವಳ ಹಾಗೆಯೇ ನಡೆದು ತೋರಿಸುತ್ತಾರೆಂದು ಸಂಕ್ರಾಂತಿಯಿಂದ ಸಾಲಿ ಬಿಟ್ಟಿದ್ದಳು.

ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಮುದುಕಮ್ಮ ಕೈ ನಿಲ್ಲಿಸಲಿಲ್ಲ.

“ದಿನಾ ಏನ್ ಅಳೀತೀಯವಾ? ಅಳದ್ರ ಕಾಲು ನೆಟ್ಟಗ ಆಕ್ಕಾವೇನು? ಇನ್ನೊಂದು ತಂಬಿಗಿ ಬಾವಿ ನೀರು ಕುಡಸು. ಅವರಪ್ಪ ಅದನ್ನ ಕುಡುದೇ ಒಲಿಂಪಿಕ್ ಗೆದ್ದು ಬಂದಾನ.”

ಒಲಿಂಪಿಕ್ ಅನ್ನುವುದು ಊರು ಕೊಟ್ಟ ಬಿರುದು. ಮುದುಕಮ್ಮನ ಹಿರಿಮಗ ಗದ್ದೆಪ್ಪ ಹನ್ನೊಂದು ವರ್ಷದ ಹಿಂದೆ ವಿಮಾನ ಹತ್ತಿ ಹೊರದೇಶಕ್ಕೆ ಹೋಗಿ ಹತ್ತಾರು ದೇಶಗಳ ಪೈಲ್ವಾನರ ನಡುವೆ ಕುಸ್ತಿ ಆಡಿ ಬಂಗಾರದ ಪದಕ ತಂದಿದ್ದ. ಅದು ಒಲಿಂಪಿಕ್ ಅಲ್ಲ, ಬೇರೆ ಪಂದ್ಯ ಎಂದು ಸಿಂಧನೂರಿನ ಮಾಸ್ತರೊಬ್ಬರು ಹೇಳಿ ನೋಡಿದರು. ಹಂಚಿನದಿನ್ನಿಯ ಜನ ಮಾಸ್ತರ ಬಾಯಿ ಮುಚ್ಚಿಸಿದರು. ಹೊರದೇಶ, ಬಂಗಾರ, ಕುಸ್ತಿ, ಮೂರೂ ಇದ್ದ ಮೇಲೆ ಇನ್ನೇನು ಬೇಕು? ಗದ್ದೆ ಮಾಡಲು ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ರೆಡ್ಡಿಯ ಹೊಸ ಟ್ರ್ಯಾಕ್ಟರಿನ ಮೇಲೆ ಅವನನ್ನು ನಿಲ್ಲಿಸಿ ಸಿಂಧನೂರಿನಿಂದ ಊರತನಕ ಮೆರವಣಿಗೆ ಮಾಡಿದರು. ಒಂದು ಅಕ್ಕಿ ಗಿರಣಿಯವರು ಅವನ ಚಿತ್ರವನ್ನು ಗೋಣಿಚೀಲಗಳ ಮೇಲೆ ಅಚ್ಚು ಹಾಕಿಸಿದರು. ಆಮೇಲೆ ಮುಂಬಯಿಯಲ್ಲಿ ರೈಲ್ವೆ ನೌಕರಿ ಸಿಕ್ಕಿತು. ಹೋದ ವರ್ಷ ಅಲ್ಲಿ ಟಿವಿ ಅನ್ನುವುದು ಶುರುವಾಗಿ, ವಾರಕ್ಕೊಮ್ಮೆ ಅದರಲ್ಲಿ ಗದ್ದೆಪ್ಪ ಮಕ್ಕಳಿಗೆ ದಂಡ, ಬೈಠಕ್ ಹೇಳಿಕೊಡುತ್ತಿದ್ದಾನೆಂದು ಕಾಗದ ಬಂತು. ರಸ್ತೆಯಲ್ಲಿ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಅವನ ತೋಳು ಮುಟ್ಟಿಸುತ್ತಾರಂತೆ.

ರಾಯಚೂರು ಜಿಲ್ಲೆಯಲ್ಲೆಲ್ಲ ಹುಡುಕಿದರೂ ಒಂದು ಟಿವಿ ಇರಲಿಲ್ಲ. ಊರಿನ ರಾಜೇಸಾಬ್ ಮುಂಬಯಿಗೆ ಹೋದಾಗ ಅಂಗಡಿಯೊಂದರ ಮುಂದೆ ನಿಂತು ನೋಡಿ ಬಂದಿದ್ದ.

“ಮುದುಕವ್ವಾ, ನಿನ್ನ ಮಗನ್ನ ಡಬ್ಬಿಯಾಗ ನೋಡಿದ್ನಿ. ಇಷ್ಟು, ಒಂದು ಗೇಣು ಕಾಣ್ತಾನ.”

“ಆರಡಿ ಆಳಿಗೆ ಗೇಣು ಅಂತೀಯಲ್ಲಲೇ, ನಿನ್ನ ಕಣ್ಣಾಗ ಮಣ್ಣು ಬಿತ್ತೇನು?” ಎಂದು ಮುದುಕಮ್ಮ ಅವನನ್ನು ಒಂದು ವಾರ ಮಾತಾಡಿಸಲಿಲ್ಲ.

ಗಂಡನ ಕೀರ್ತಿ ಹೊನ್ನೂರಮ್ಮನಿಗೆ ಗೋಣಿಚೀಲದ ರೂಪದಲ್ಲಿ ಮಾತ್ರ ಸಿಕ್ಕಿತ್ತು. ಅದನ್ನು ಬಿಚ್ಚಿ ಹಾಸಿ ಮಗಳನ್ನು ಮಲಗಿಸುತ್ತಿದ್ದಳು.

ಆ ಮನೆಗೆ ನೀರಿನ ಒಂದು ಕಟ್ಟಳೆ ಇತ್ತು. ಗದ್ದೆಪ್ಪನ ಅಜ್ಜ, ಗರಡಿಯ ದೇವರು ಹನುಮಪ್ಪನ ಮುಂದೆ ನಿಂತು ಕಟ್ಟಿದ್ದು. ಗರಡಿ ಬಾವಿಯ ನೀರು ಬಿಟ್ಟು ಬೇರೆ ನೀರು ಹೊಸ್ತಿಲು ದಾಟಿ ಒಳಗೆ ಬಂದರೆ ಮನೆಯ ಪೈಲ್ವಾನನ ಬೆನ್ನು ಮಣ್ಣಿಗೆ ಹತ್ತುತ್ತದೆ. ಊರಲ್ಲಿರುವಾಗ ಆ ಮನೆಯವರು ಹೊರಗೆ ಬೇರೆ ನೀರು ಕುಡಿಯುವ ಹಾಗೂ ಇಲ್ಲ. ಗದ್ದೆಪ್ಪ ಹುಡುಗನಾಗಿದ್ದಾಗ ಆ ಬಾವಿಯ ನೀರು ಇಪ್ಪತ್ತು ಮೊಳ ಕೆಳಗಿತ್ತು, ಹಗ್ಗ ಸೇದಿ ಸೇದಿಯೇ ಅವನ ತೋಳು ಗಟ್ಟಿಯಾದವು. ಅವನು ಪದಕ ತಂದ ವರ್ಷವೇ ಊರಿಗೆ ಕಾಲುವೆ ಬಂತು. ಮೂರು ವರ್ಷದಲ್ಲಿ ಬಾವಿಯ ನೀರು ಬಗ್ಗಿ ಕೊಡ ಅದ್ದುವಷ್ಟು ಮೇಲೆ ಬಂತು. ಗದ್ದೆಗೆ ಬಿಟ್ಟ ನೀರು ನೆಲದಲ್ಲಿ ಇಂಗಿದರೆ ಬಾವಿ ಏರದೆ ಏನು ಮಾಡೀತು? ಆದರೆ ಊರಿನ ಲೆಕ್ಕ ಬೇರೆ. ಗದ್ದೆಪ್ಪನ ಗೆಲುವಿಗೆ ಮೆಚ್ಚಿ ಹನುಮಪ್ಪನೇ ನೀರು ಮೇಲೆ ತಂದ ಎಂದರು. ಅಂದಿನಿಂದ ಮಸ್ಕಿ ಕಡೆಯಿಂದಲೂ ಬಾಣಂತಿಯರು ಕೂಸಿಗೆ ಮೊದಲ ಗುಟುಕು ಕುಡಿಸಲು ಆ ನೀರು ಒಯ್ಯತೊಡಗಿದರು.

ಫೆಬ್ರವರಿಯಲ್ಲಿ ಹೊನ್ನೂರಮ್ಮ ಮಗಳನ್ನು ಲಿಂಗಸುಗೂರು ದವಾಖಾನೆಗೆ ಕರೆದುಕೊಂಡು ಹೋದಳು. ಜೊತೆಗೆ ಮೈದುನ ಮಾನಪ್ಪ. ನಾಲ್ಕೆಕರೆ ಗದ್ದೆ ನೋಡಿಕೊಂಡು, ಬಂದ ಕಾಗದ ಓದಿ ಹೇಳಿ, ಅವ್ವನಿಗೂ ಅತ್ತಿಗೆಗೂ ನಡುವೆ ಸಿಕ್ಕು ಎರಡೂ ಕಡೆ ತಲೆಯಾಡಿಸುವುದು ಅವನ ಉದ್ಯೋಗ. ಬಸ್ಸಿನಲ್ಲಿ ಗ್ಯಾನಿ ಕಿಟಕಿಯ ಪಕ್ಕ ಕೂತು ಮಸ್ಕಿ ಗುಡ್ಡ ಬಂದಾಗ ಕೈ ಬೀಸಿದಳು. ಕೂತಾಗ ಅವಳು ಎಲ್ಲ ಹುಡುಗಿಯರ ಹಾಗೆಯೇ ಇದ್ದಳು.

ಡಾಕ್ಟರು ಕಾಲು ಹಿಡಿದು ನೋಡಿ, ಹಲ್ಲು ತೋರಿಸು ಅಂದರು. ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು.

“ಯಾವ ನೀರು ಕುಡೀತೀರಿ?”

“ಗರಡಿ ಬಾವೀದ್ರಿ,” ಮಾನಪ್ಪ ಹೆಮ್ಮೆಯಿಂದ ಹೇಳಿದ. “ಒಲಿಂಪಿಕ್ ಗದ್ದೆಪ್ಪ ಕುಡುದ ನೀರ್ರೀ. ನಮ್ಮಣ್ಣ.”

ಡಾಕ್ಟರು ನಗಲಿಲ್ಲ. “ಕಾಲುವೆ ಊರುಗಳಿಂದ ಇಂಥ ಕಾಲಿನ ಹನ್ನೊಂದು ಮಕ್ಕಳನ್ನ ನೋಡಿದೀನಿ. ನೆಲದೊಳಗಿನ ನೀರು ಮೇಲೆ ಬಂದಿದೆ, ಕಲ್ಲಿನಲ್ಲಿರೋ ವಿಷ ಅದರಲ್ಲಿ ಕರಗಿದೆ. ಎಲುಬಿಗೆ ಅದೇ ಹತ್ತಿದೆ. ಆ ನೀರು ಇವತ್ತಿನಿಂದ ಬಿಡಿಸಿ. ಕಾಲುವೆ ನೀರು ಕಾಸಿ ಆರಿಸಿ ಕುಡಿಸಿ. ಬರೀ ಜೋಳದ ರೊಟ್ಟಿ ಬೇಡ, ಅನ್ನ ಕೊಡಿ, ಹಾಲು ಕೊಡಿ.”

“ಕಾಲು ನೆಟ್ಟಗ ಆಕ್ಕಾವೇನ್ರಿ?” ಹೊನ್ನೂರಮ್ಮ ಕೇಳಿದಳು.

“ಬಾಗಿದ್ದು ನೀರು ಬಿಟ್ಟರೆ ನೆಟ್ಟಗಾಗೋದಿಲ್ಲಮ್ಮ. ಇನ್ನೂ ಬಾಗೋದು ನಿಲ್ಲಬಹುದು. ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ಎಲುಬು ಕೊಯ್ದು ಕೂಡಿಸ್ತಾರೆ. ಆದರೆ ಅದೇ ನೀರು ಕುಡೀತಾ ಇದ್ದರೆ ಎರಡು ವರ್ಷದಲ್ಲಿ ಈ ಹುಡುಗಿ ನಡೆಯೋದಿಲ್ಲ.”

ವಾಪಸ್ ಬರುವಾಗ ಮಾನಪ್ಪ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹೇಳಿದ, “ಅತ್ತಿಗೀ, ಅವ್ವನ ಮುಂದ ಈ ಮಾತು ನಾನಂತೂ ಆಡಂಗಿಲ್ಲ.”

ಹೊನ್ನೂರಮ್ಮ ತಾನೇ ಆಡಿದಳು. ಆಡಿದ್ದಷ್ಟೇ ಅಲ್ಲ, ಮರುದಿನ ಬೆಳಿಗ್ಗೆ ಎರಡು ಫರ್ಲಾಂಗು ನಡೆದು ಕಾಲುವೆಯಿಂದ ಒಂದು ಕೊಡ ಹೊತ್ತು ತಂದಳು. ಮುದುಕಮ್ಮ ಹೊಸ್ತಿಲಿನ ಮೇಲೆ ಎರಡೂ ಕೈ ಅಡ್ಡ ಇಟ್ಟು ನಿಂತಳು.

“ಎಲ್ಲಿಂದ?”

“ಕಾಲುವಿಯಿಂದ್ರಿ ಅತ್ತಿ. ಗ್ಯಾನಿಗಷ್ಟೇ. ಹಿತ್ತಲದಾಗ ಬ್ಯಾರೆ ಒಲಿ ಹೂಡ್ತೀನಿ.”

“ಎಮ್ಮಿ ತೊಳದ ನೀರು, ಹೊರಕಡಿಗೆ ಹೋದ ಮಂದಿ ತೊಳಕೊಂಡ ನೀರು, ಅದನ್ನ ಹನುಮಪ್ಪನ ಮನಿಗೆ ತರ್ತೀ? ಗಂಡ ಅಲ್ಲಿ ಎದಿ ಕೊಟ್ಟು ನಿಂತಾನ, ಇಲ್ಲಿ ನೀ ಅವನ ಬೆನ್ನು ಮಣ್ಣಿಗೆ ಹಚ್ಚತೀಯೇನು?”

“ಅವರು ಈಗ ಕುಸ್ತಿ ಎಲ್ಲಿ ಆಡ್ತಾರ್ರಿ? ಡಬ್ಬಿಯಾಗ ಬೈಠಕ್ ಹೊಡೀತಾರ.”

ಅಷ್ಟು ಸಾಕಾಯಿತು. ಮುದುಕಮ್ಮ ಕೊಡ ಕಸಿದು ತಿಪ್ಪೆಗೆ ಸುರಿದಳು. “ಡಾಕ್ಟರ್ ಅಂದನಂತ, ಡಾಕ್ಟರ್! ಅಕ್ಕಿ ತಿಂದವ ಹಕ್ಕಿ, ಜ್ವಾಳ ತಿಂದವ ತ್ವಾಳ. ನನ್ನ ಮಗ ಇದೇ ನೀರು, ಇದೇ ರೊಟ್ಟಿ ತಿಂದು ಲೋಕ ಗೆದ್ದ. ಈಕಿ ಕಾಲು ಸೊಟ್ಟ ಆಗಿದ್ದು ನಿನ್ನ ತವರುಮನಿ ರಕ್ತಕ್ಕ!”

ಮೊಮ್ಮಗಳ ಮೇಲೆ ಮುದುಕಮ್ಮನಿಗೆ ಪ್ರೀತಿ ಇರಲಿಲ್ಲ ಅಂದರೆ ತಪ್ಪಾಗುತ್ತದೆ. ಪ್ರೀತಿ ಇದ್ದುದೇ ಕಂಟಕವಾಗಿತ್ತು. ಹುಡುಗಿ ಗಟ್ಟಿಯಾಗಲಿ ಎಂದು ದಿನಕ್ಕೆ ಮೂರು ಸಲ ಎದುರು ಕೂಡಿಸಿಕೊಂಡು ತುಂಬಿದ ತಂಬಿಗೆ ಬಾಯಿಗೆ ಹಿಡಿಯುತ್ತಿದ್ದಳು. “ಕುಡಿಯವ್ವ, ನನ್ನ ಬಂಗಾರ. ಇನ್ನೊಂದು ಗುಟುಕು.” ಹೊನ್ನೂರಮ್ಮ ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನ ತಂಬಿಗೆ ತಳ್ಳಿದ್ದಕ್ಕೆ ಮೂರು ದಿನ ಮನೆಯಲ್ಲಿ ಅತ್ತೆ ಉಣ್ಣಲಿಲ್ಲ. ಮಾನಪ್ಪ ಅತ್ತಿಗೆಯ ಕಾಲಿಗೆ ಬೀಳುವುದೊಂದು ಬಾಕಿ.

ಪಕ್ಕದ ಮನೆ ದಾವಲ್‌ಸಾಬನದು. ಅವನು ಕಾಲುವೆಯ ಲಷ್ಕರ್, ಗದ್ದೆಗಳಿಗೆ ನೀರು ಬಿಡುವ ನೌಕರ. ತೂಬು ಏರಿಸಿ ಇಳಿಸಿ ಬರುವಾಗ ಸೈಕಲ್ಲಿನ ಎರಡೂ ಬದಿಗೆ ಡಬ್ಬ ಕಟ್ಟಿ ನೀರು ತರುತ್ತಿದ್ದ. ಅವನ ಹೆಂಡತಿ ಶಂಶಾದ್‌ಬೀ ಅದಕ್ಕೆ ಪಟಿಕ ತಿರುಗಿಸಿ, ತಿಳಿಯಾದ ಮೇಲೆ ಕಾಸಿ ಇಡುತ್ತಿದ್ದಳು. ಅವರ ಮೊಮ್ಮಗಳು ಹಸೀನಾ ಗ್ಯಾನಿಯ ವಾರಿಗೆಯವಳು, ದುಂಡಗಿದ್ದಳು, ಬೇಲಿ ಹಾರುತ್ತಿದ್ದಳು. ಎರಡು ದಿನ ಗ್ಯಾನಿ ಅವರ ಮನೆಯಲ್ಲಿ ಕದ್ದು ನೀರು ಕುಡಿದಳು. ಮೂರನೆಯ ದಿನ ಮುದುಕಮ್ಮ ಕಂಡಳು. ಹುಡುಗಿಯ ಬೆನ್ನಿಗೆ ಎರಡು ಬಿಗಿದು, ಬಾವಿಕಟ್ಟೆಗೆ ಎಳೆದೊಯ್ದು ತಲೆಯ ಮೇಲೆ ನಾಲ್ಕು ಕೊಡ ಸುರಿದು ಒಳಗೆ ಕರೆದುಕೊಂಡಳು. “ಈ ಹೊಸ್ತಿಲದ ಮಗಳು ಮಂದಿ ಮನಿ ನೀರು ಮುಟ್ಟಂಗಿಲ್ಲ, ತಿಳೀತೇನು?”

ಬೇಲಿಯಾಚೆ ನಿಂತಿದ್ದ ಶಂಶಾದ್‌ಬೀ ಹೊನ್ನೂರಮ್ಮನಿಗೆ ಹೇಳಿದಳು, “ಬೇಟಿ, ಈ ಮನ್ಯಾಗ ನಿನ್ನ ಮಾತು ನಡ್ಯಂಗಿಲ್ಲ, ನನ್ನದೂ ನಡ್ಯಂಗಿಲ್ಲ. ಕಟ್ಟಳಿ ಬಿಚ್ಚೋ ಹಕ್ಕು ಪೈಲ್ವಾನಗೇ ಐತಿ. ಅಂವಗ ಬರೆಸು.”

ಮಾನಪ್ಪ ಬರೆದ. ಹದಿನೈದು ದಿನಕ್ಕೆ ಉತ್ತರ ಬಂತು. ಮಗಳ ಕಾಲಿನ ಬಗ್ಗೆ ಅದರಲ್ಲಿ ಒಂದೇ ಸಾಲು, ಬಂದಾಗ ನೋಡುತ್ತೇನೆ ಎಂದು. ಉಳಿದದ್ದೆಲ್ಲ ಬೇರೆ. ಟಿವಿಯವರು ಪೈಲ್ವಾನನ ಊರು, ಮನೆ, ಬಾವಿ ಚಿತ್ರ ತೆಗೆಯಲು ಬರುತ್ತಾರೆ. ಬಾವಿ ನೀರಿನ ವಿಷಯ ಅವನು ಒಂದು ವಾರ ಟಿವಿಯಲ್ಲಿ ಹೇಳಿದ್ದಕ್ಕೆ ನೂರಾರು ಕಾಗದ ಬಂದಿವೆ. ಮನೆಗೆ ಸುಣ್ಣ ಬಳಿಸಿರಿ, ಒಂದು ಹೈನದ ಎಮ್ಮೆ ಕಟ್ಟಿರಿ.

ಮನೆಯಲ್ಲಿ ಹೈನ ನಿಂತು ಆರು ವರ್ಷವಾಗಿತ್ತು. ಜೋಳ ಬೆಳೆಯುವ ಹೊಲವೆಲ್ಲ ಗದ್ದೆಯಾದ ಮೇಲೆ ಕಣಿಕೆಯಿಲ್ಲ, ಮೇವಿಲ್ಲ. ಬೆಳೆದ ಭತ್ತ ಗಿರಣಿಗೆ ಹೋಗುತ್ತಿತ್ತು, ಉಣ್ಣುವ ಜೋಳ ಸಂತೆಯಿಂದ ಬರುತ್ತಿತ್ತು. ಮಾನಪ್ಪ ಕ್ಯಾಂಪಿಗೆ ಹೋಗಿ ರೆಡ್ಡಿಯ ಎಮ್ಮೆಯನ್ನು ಎರಡು ದಿನಕ್ಕೆ ಕೇಳಿಕೊಂಡು ಬಂದ. ಹೊನ್ನೂರಮ್ಮ ಗೋಡೆಗೆ ಸುಣ್ಣ ಬಳಿದಳು, ಗೋಣಿಚೀಲಗಳನ್ನು ಒಗೆದಳು. ಅವಳಿಗೆ ಆ ವಾರ ಒಂದು ಬಗೆಯ ಹುರುಪು ಬಂದಿತ್ತು. ಮಗಳನ್ನು ಕಣ್ಣಿಂದ ನೋಡಿದರೆ ಯಾವ ತಂದೆ ಸುಮ್ಮನಿದ್ದಾನು?

ಗದ್ದೆಪ್ಪ ಟಿವಿಯವರಿಗಿಂತ ಒಂದು ದಿನ ಮೊದಲೇ ಬಂದ. ಮೈ ತುಂಬಿತ್ತು, ತಲೆಗೆ ಕಪ್ಪು ಹಚ್ಚಿದ್ದ. ಬಾಗಿಲಲ್ಲಿ ನಿಂತು “ಗ್ಯಾನೀ” ಎಂದು ಕೂಗಿದ. ಗ್ಯಾನಿ ಮೊಣಕಾಲು ತಿಕ್ಕಿಕೊಳ್ಳುತ್ತ, ಎರಡೂ ಕೈ ಅಗಲಿಸಿ ತೂಕ ಹಿಡಿಯುತ್ತ ಅಂಗಳ ದಾಟಿ ಬಂದಳು. ಗದ್ದೆಪ್ಪ ಮಗಳನ್ನು ಎತ್ತಿಕೊಂಡು ಒಳಗೆ ಹೋದವನು ತುಸು ಹೊತ್ತು ಹೊರಗೆ ಬರಲಿಲ್ಲ. ಅತ್ತಿದ್ದ. ಅದನ್ನು ಮುಚ್ಚಿಡುವುದೇಕೆ, ಮನೆಯವರೆಲ್ಲ ಕೇಳಿಸಿಕೊಂಡರು.

ಮಧ್ಯಾಹ್ನ ಊಟಕ್ಕೆ ಕೂತಾಗ ಮುದುಕಮ್ಮ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಎರವಲು ಎಮ್ಮೆಯದು.

“ನಾಳಿಗೆ ಈಕಿ ಅವರ ಕಣ್ಣಿಗೆ ಬೀಳಬಾರದು ಗದ್ಯಾ,” ಎಂದಳು. “ಮಂದಿ ಏನಂತಾರ? ಲೋಕಕ್ಕೆಲ್ಲ ಬೈಠಕ್ ಹೇಳ್ತಾನ, ತನ್ನ ಮಗಳ ಕಾಲು ನೋಡಂತಾರ. ದಾವಲ್‌ಸಾಬನ ಮೊಮ್ಮಗಳಿಗೆ ಲಂಗ ತೊಡಸಿ ನಿಂದ್ರಸಿದ್ರಾತು.”

“ಅವರು ಸಾಬರವ್ವಾ,” ಮಾನಪ್ಪ ಅಂದ.

“ಪಿಚ್ಚರ್‌ನಾಗ ಜಾತಿ ಕಾಣಸ್ತದೇನಲೇ?”

ಗದ್ದೆಪ್ಪ ತಲೆ ಎತ್ತಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಊಟವಾದ ಮೇಲೆ ಹೊನ್ನೂರಮ್ಮ ಅವನ ಬಲ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಳು. ಪ್ಯಾಂಟು ತೆಗೆದರೆ ಒಳಗೆ ಪಟ್ಟಿ ಸುತ್ತಿತ್ತು.

“ಇದೇನ್ರಿ?”

“ಎರಡು ವರ್ಷಾತು. ಬೈಠಕ್ ಹತ್ತು ಹೊಡೀತೀನಿ, ಮುಂದಿಂದು ಬ್ಯಾರೆ ಹುಡುಗ ಹೊಡೀತಾನ. ಮಂದಿಗೆ ಗೊತ್ತಿಲ್ಲ.”

“ಡಾಕ್ಟರ್ ಅಂದದ್ದು ಕೇಳಿದ್ರಿಲ್ಲ?”

“ಮಾನ್ಯಾ ಹೇಳಿದ.”

“ನಿಮ್ಮ ಒಂದು ಮಾತು ಬೇಕ್ರಿ. ಬ್ಯಾರೇನೂ ಬ್ಯಾಡ. ಬಾವಿ ನೀರು ಕೂಸಿಗೆ ಬ್ಯಾಡ ಅಂತ ಅತ್ತಿಗೆ ಹೇಳ್ರಿ. ಕಟ್ಟಳಿ ಬಿಚ್ಚಿದ್ನಿ ಅನ್ರಿ. ಇನ್ನೆರಡು ವರ್ಷಕ್ಕ ಈಕಿ ತೆವಳ್ತಾಳ್ರಿ.”

ಗದ್ದೆಪ್ಪ ಮೊಣಕಾಲಿನ ಪಟ್ಟಿ ಮತ್ತೆ ಸುತ್ತಿಕೊಂಡ. “ಮುಂಬಯಿಯಾಗ ನನ್ನಂಥ ಪೈಲ್ವಾನರು ರೈಲ್ವೆ ತುಂಬ ಅದಾರ. ಈ ಬಾವಿ ಕಥಿ ಕೇಳೇ ಸಾಹೇಬರು ನನ್ನನ್ನ ಇಟ್ಟುಕೊಂಡಾರ. ಬಾವಿ ಹೋತಂದ್ರ ನಾ ಏನು? ಚೀಟಿ ಹರಿಯೋ ಬಾಬು.”

“ಬಾಬು ಆಗ್ರಿ. ಆಕಿ ನಡೀಲಿ.”

“ಹೊನ್ನೀ, ನಾಳೆ ಅವರು ಚಿತ್ರ ತಗೊಂಡು ಹೋಗ್ಲಿ. ಹೋದ ಮ್ಯಾಲೆ ಹನುಮಪ್ಪನ ಕಟ್ಟಿಮ್ಯಾಲೆ ನಿಂತು ಊರಿಗೆಲ್ಲ ಹೇಳ್ತೀನಿ. ಅವ್ವನ ಮುಂದ, ಬಾವಿ ಮುಂದ. ನನ್ನಾಣೆ. ನಾಳೆ ಒಂದಿನ ಈಕಿನ್ನ ಹಿಂದಿನ ಕ್ವಾಣ್ಯಾಗ ಇಟಗೊಂಡು ಕುಂದ್ರು.”

ಒಂದು ದಿನ ಮಗಳನ್ನು ಬಚ್ಚಿಟ್ಟರೆ ಜನ್ಮವೆಲ್ಲ ಕಾಲು ಉಳಿಯುತ್ತದೆ. ಹೊನ್ನೂರಮ್ಮ ಹೂಂ ಅಂದಳು. ಯಾರಾದರೂ ಹೂಂ ಅನ್ನುತ್ತಿದ್ದರು.

ಮರುದಿನ ಒಂಬತ್ತಕ್ಕೆ ಜೀಪು ಬಂತು. ಪ್ಯಾಂಟಿನ ಸಾಹೇಬ ಒಬ್ಬ, ಕ್ಯಾಮೆರಾದವರು ಇಬ್ಬರು. ಊರಿಗೆ ಊರೇ ಮನೆ ಎದುರಿನ ಗರಡಿ ಬಾವಿಯ ಸುತ್ತ ನೆರೆಯಿತು. ಮುದುಕಮ್ಮ ಇಳಕಲ್ ಸೀರೆ ಉಟ್ಟು ಎಮ್ಮೆಯ ಪಕ್ಕ ನಿಂತಳು. ಎಮ್ಮೆ ಪರಿಚಯವಿಲ್ಲದವಳನ್ನು ಕಂಡು ಎರಡು ಸಲ ಒದೆಯಿತು. ಹಸೀನಾಗೆ ಗ್ಯಾನಿಯ ಹಬ್ಬದ ಲಂಗ ತೊಡಿಸಿ ಹಣೆಗೆ ಕುಂಕುಮ ಇಟ್ಟಿದ್ದರು. ದಾವಲ್‌ಸಾಬ್ ಪೈಲ್ವಾನನ ಮೇಲಿನ ಅಭಿಮಾನಕ್ಕೆ ಒಪ್ಪಿದ್ದ. ಶಂಶಾದ್‌ಬೀ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು.

ಮಣ್ಣಿನ ಗೋಡೆಯ ಹಿಂದಿನ ಕೋಣೆಯಲ್ಲಿ ತಾಯಿ ಮಗಳಿಗೆ ಎಲ್ಲ ಮಾತೂ ಕೇಳಿಸುತ್ತಿತ್ತು.

“ಅವ್ವಾ, ನನ್ನ ಲಂಗ ಹಸೀನಾ ಯಾಕ ತೊಟ್ಟಾಳ?”

“ಆಟಕ್ಕ. ಸುಮ್ಕಿರು.”

ಹೊರಗೆ ಸಾಹೇಬ ಹಿಂದಿಯಲ್ಲಿ ಹೇಗೆ ನಿಲ್ಲಬೇಕು ಎಂದು ಹೇಳಿದ. ಗದ್ದೆಪ್ಪ ಬಗ್ಗಿ ಕೊಡ ತುಂಬಿ, ಒಂದೇ ಕೈಯಲ್ಲಿ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ತಾನೂ ಹಿಂದಿಯಲ್ಲಿ ಶುರುಮಾಡಿದ. ಈ ನೀರೇ ನನ್ನ ತಾಕತ್ತು, ನನ್ನ ಮಗಳೂ ಇದನ್ನೇ ಕುಡಿಯುತ್ತಾಳೆ, ಎಂದ. ಹಸೀನಾ ಕುಡಿದು ಮುಖ ಸೊಟ್ಟ ಮಾಡಿ “ಥೂ, ಸವಳು!” ಎಂದು ಉಗುಳಿದಳು. ಜನ ಗೊಳ್ಳೆಂದರು. ಸಾಹೇಬ ಮತ್ತೊಮ್ಮೆ ಮಾಡೋಣ ಅಂದ. ದೂರದಿಂದ ಮಗಳನ್ನು ಹೆಸರು ಹಿಡಿದು ಕರೆಯಿರಿ, ಅವಳು ಓಡಿ ಬರಲಿ, ನೀವು ಎತ್ತಿಕೊಳ್ಳಿ.

ಗದ್ದೆಪ್ಪ ಎರಡೂ ಕೈ ಚಾಚಿ ಗಟ್ಟಿಯಾಗಿ ಕೂಗಿದ. “ಗ್ಯಾನೀ! ಬಾರವ್ವಾ ನನ್ನ ಮಗಳ!”

ಹೊನ್ನೂರಮ್ಮ ಹಿಡಿಯುವಷ್ಟರಲ್ಲಿ ಹುಡುಗಿ ಎದ್ದಾಗಿತ್ತು. ಅಪ್ಪ ಕರೆದಿದ್ದ, ಹೆಸರು ಹಿಡಿದು ಕರೆದಿದ್ದ. ಕೋಣೆಯ ಬಾಗಿಲು ದಾಟಿ, ಪಡಸಾಲೆ ದಾಟಿ, ಕೈ ಅಗಲಿಸಿಕೊಂಡು ಎಡಕ್ಕೂ ಬಲಕ್ಕೂ ಓಲಾಡುತ್ತ ಆಕೆ ಓಡಿದಳು. ಅದನ್ನು ಓಡುವುದು ಅನ್ನಲು ಬರುವುದಿಲ್ಲ. ಆದರೆ ಅಷ್ಟು ಜೋರಾಗಿ ಅವಳು ಆ ವರ್ಷ ಎಂದೂ ಹೆಜ್ಜೆ ಹಾಕಿರಲಿಲ್ಲ. ಹಸೀನಾ ಅರ್ಧ ದಾರಿಯಲ್ಲಿ ನಿಂತುಬಿಟ್ಟಳು.

ಕ್ಯಾಮೆರಾದವನು ಕಿಂಡಿಯಿಂದ ಕಣ್ಣು ತೆಗೆದ.

“ಈ ಹುಡುಗಿ ಯಾರು?” ಸಾಹೇಬ ಕೇಳಿದ. ಕೆಟ್ಟ ದನಿಯಲ್ಲಿ ಅಲ್ಲ, ಗೊತ್ತಿಲ್ಲದವರು ಕೇಳುವ ಹಾಗೆ.

ಗ್ಯಾನಿ ಅಪ್ಪನ ಎರಡು ಮಾರು ದೂರದಲ್ಲಿ ನಿಂತು ಏದುಸಿರು ಬಿಡುತ್ತ ನಗುತ್ತಿದ್ದಳು. ಕಂದು ಗೆರೆಯ ಹಲ್ಲು ಕಾಣುತ್ತಿದ್ದವು. ಹೊನ್ನೂರಮ್ಮ ಬಾಗಿಲಿಗೆ ಬಂದು ಗಂಡನ ಬಾಯಿಯನ್ನೇ ನೋಡಿದಳು. ಮಾನಪ್ಪ ನೆಲ ನೋಡಿದ.

ಗದ್ದೆಪ್ಪನ ಚಾಚಿದ ಕೈ ಕೆಳಗೆ ಇಳಿದವು.

“ಪಕ್ಕದ ಮನೀಕಿ,” ಎಂದ. ಸಾಹೇಬನಿಗೆ ತಿಳಿಯಲೆಂದು ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದ. ಪಕ್ಕದ ಮನೆಯ ಹುಡುಗಿ, ಪಾಪ, ಹುಟ್ಟಾ ಹೀಗೆ.

ಹಂಚಿನದಿನ್ನಿಯ ಇನ್ನೂರು ಜನರಲ್ಲಿ ಒಬ್ಬರೂ ಅಲ್ಲ ಅನ್ನಲಿಲ್ಲ. ಊರಿನ ಮರ್ಯಾದೆ ಅಂದರೆ ಹಾಗೆ. ಯಾರೋ ಗ್ಯಾನಿಯ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು. ಗದ್ದೆಪ್ಪ ಮತ್ತೆ ಕೂಗಿದ, ಹಸೀನಾ ಓಡಿ ಬಂದಳು, ಅವನು ಎತ್ತಿಕೊಂಡ.

ಹನ್ನೆರಡಕ್ಕೆ ಕೆಲಸ ಮುಗಿಯಿತು. ಸಾಹೇಬನಿಗೆ ಬಿಸಿಲು ಇಳಿಯುವ ಮೊದಲು ಮಸ್ಕಿ ಗುಡ್ಡದ ಮೇಲೆ ಪೈಲ್ವಾನ ನಿಂತ ಚಿತ್ರ ಬೇಕಿತ್ತು. ಅಲ್ಲಿಂದ ಹಾಗೇ ರಾಯಚೂರಿಗೆ, ರಾತ್ರಿ ಗಾಡಿಗೆ. ಹೊನ್ನೂರಮ್ಮ ಜೀಪಿನ ಹತ್ತಿರ ಹೋದಳು. ಗಂಡಸರ ಗುಂಪಿನಲ್ಲಿ ಅವಳು ಹಾಗೆ ಎಂದೂ ನುಗ್ಗಿದವಳಲ್ಲ.

“ಕಟ್ಟಿಮ್ಯಾಲೆ ನಿಂತು ಹೇಳ್ತೀನಿ ಅಂದಿದ್ರಿ.”

“ಮುಂದಿನ ಸಲ ಬಂದಾಗ, ಹೊನ್ನೀ. ಈಗ ಹೊತ್ತಿಲ್ಲ. ಕಾಗದ ಬರೀತೀನಿ.” ಅವಳ ಕಣ್ಣು ನೋಡದೆ ಹೇಳಿ ಹತ್ತಿ ಕೂತ. ಜೀಪು ಹೋದ ಮೇಲೆ ಹೆಂಗಸರು ಕೊಡ ತಂದು ಬಾವಿಗೆ ಮುಗಿಬಿದ್ದರು. ಚಿತ್ರಕ್ಕೆ ಹೋಗುವ ನೀರು, ಮುಂಬಯಿಗೆ ಹೋಗುವ ನೀರು. ಒಬ್ಬಳು ಬಗಲಕೂಸಿನ ಬಾಯಿಗೆ ಅಂಗೈಯಿಂದ ಹನಿಸುತ್ತಿದ್ದಳು. “ಬ್ಯಾಡವ್ವಾ, ಕೂಸಿಗೆ ಕುಡಸಬ್ಯಾಡ” ಎಂದು ಹೊನ್ನೂರಮ್ಮ ಅವಳ ಕೈ ಹಿಡಿದಳು. ಆಕೆ ಕೊಡವಿಕೊಂಡು, “ನಿನ್ನ ಗಂಡನೇ ಕುಡುದು ತೋರ್ಸ್ಯಾನ. ಹೊಟ್ಟಿಕಿಚ್ಚೇನು?” ಎಂದಳು.

ಗ್ಯಾನಿ ಬಾವಿಕಟ್ಟೆಯ ಕೆಳಗೆ ಕೂತಿದ್ದಳು. ಅಳುತ್ತಿರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದಳು.

“ಅವ್ವಾ, ಅಪ್ಪ ನನ್ನ ಪಕ್ಕದ ಮನೀಕಿ ಅಂದ.”

“ಹೂಂ.”

“ಹಂಗಾದ್ರ ನಾ ಹಸೀನಾ ಮನ್ಯಾಗ ನೀರು ಕುಡದ್ರ ಆಯಿ ಹೊಡ್ಯಂಗಿಲ್ಲಲ್ಲ?”

ಹೊನ್ನೂರಮ್ಮ ಮಗಳನ್ನು ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ಅವಳ ತಾಟು, ಎರಡು ಅಂಗಿ, ಗೋಣಿಚೀಲದ ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಇನ್ನೊಂದು ಕೈಗೆ ಮಗಳು. ಇಳಕಲ್ ಸೀರೆಯಲ್ಲೇ ಇದ್ದ ಮುದುಕಮ್ಮ ಅಂಗಳದಲ್ಲಿ ಅಡ್ಡ ಬಂದಳು.

“ಗಂಟು ಎಲ್ಲಿಗೆ ಹೊಂಟತಿ?”

“ಪಕ್ಕದ ಮನೀಗ್ರಿ. ಇನ್ನ ಮ್ಯಾಲೆ ಗ್ಯಾನಿ ಊಟ, ನೀರು, ನಿದ್ದಿ ಎಲ್ಲ ಅಲ್ಲೇ.”

“ಸಾಬರ ಮನ್ಯಾಗ? ನನ್ನ ಮೊಮ್ಮಗಳು? ನಿನಗ ಹುಚ್ಚು ಹಿಡದೈತೇನು?”

“ಬೆಳಿಗ್ಗೆ ಅವರ ಹುಡುಗಿ ನಿಮಗ ಮೊಮ್ಮಗಳಾದ್ಲಲ್ರಿ ಅತ್ತಿ. ಈಗ ನಮ್ಮಾಕಿ ಅವರಿಗೆ ಆಗ್ಲಿ. ನಾ ಹೇಳಿದ್ದಲ್ಲ, ನಿಮ್ಮ ಮಗ ಹೇಳಿದ್ದು. ಹನುಮಪ್ಪನ ಬಾವಿ ಮುಂದ, ಇನ್ನೂರು ಮಂದಿ ಮುಂದ. ಈಕಿ ಈ ಹೊಸ್ತಿಲದಾಕಿ ಅಲ್ಲ. ಹೊಸ್ತಿಲದಾಕಿ ಅಲ್ಲದಾಕಿಗೆ ಹೊಸ್ತಿಲದ ಕಟ್ಟಳಿ ಎಲ್ಲೀದು? ಇಲ್ಲಂದ್ರ ಅಲ್ಲೇ ಕಟ್ಟಿಮ್ಯಾಲೆ ನಿಂತು, ಪೈಲ್ವಾನ ಸುಳ್ಳು ಹೇಳ್ಯಾನ ಅಂತ ಒದರ್ರಿ. ನಾ ವಾಪಸ್ ಕರಕೊಂಡು ಬರ್ತೀನಿ.”

ಬಾವಿಯ ಹತ್ತಿರದ ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ಮುದುಕಮ್ಮ ಮಾನಪ್ಪನ ಕಡೆ ನೋಡಿದಳು. ಮಾನಪ್ಪ ಮೊದಲ ಬಾರಿಗೆ ಯಾವ ಕಡೆಗೂ ತಲೆಯಾಡಿಸಲಿಲ್ಲ, ರೆಡ್ಡಿಯ ಎಮ್ಮೆಯನ್ನು ಬಿಚ್ಚಿಕೊಂಡು ಕ್ಯಾಂಪಿನ ದಾರಿ ಹಿಡಿದ. ಮುದುಕಿ ಪಕ್ಕಕ್ಕೆ ಸರಿದು ಅಂಗಳದಲ್ಲೇ ಕುಸಿದು ಕೂತು ಅಳತೊಡಗಿದಳು. ಅವಳ ಅಳುವೂ ಸುಳ್ಳಲ್ಲ.

ಶಂಶಾದ್‌ಬೀ ಗಂಟು ಇಸಿದುಕೊಂಡು ಹಸೀನಾಳ ಹಾಸಿಗೆಯ ಪಕ್ಕ ಇಟ್ಟಳು. ಗ್ಯಾನಿಗೆ ಮಣೆ ಹಾಕಿ, ಕಾಸಿ ಆರಿಸಿದ ನೀರು ತಂದು ಕೊಟ್ಟಳು. ಹುಡುಗಿ ಎರಡು ಲೋಟ ನಿಲ್ಲದೆ ಕುಡಿದಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. ಅವು ಹಾಗೇ ಇದ್ದವು. ಹಾಗೇ ಇರುತ್ತವೆಂದು ಹೊನ್ನೂರಮ್ಮನಿಗೆ ಡಾಕ್ಟರು ಹೇಳಿಯೇ ಕಳಿಸಿದ್ದರು.

ಗೋಡೆಯಾಚೆಯಿಂದ ಮುದುಕಮ್ಮನ ಅಳು ಕೇಳುತ್ತಿತ್ತು. ಹೊನ್ನೂರಮ್ಮ ಸೆರಗು ಸಿಗಿಸಿಕೊಂಡು ಎದ್ದಳು.

“ನೀ ಎಲ್ಲಿಗಿ?” ಗ್ಯಾನಿ ಅವಳ ಸೀರೆ ಹಿಡಿದಳು.

“ಸಂಜೀಗೆ ರೊಟ್ಟಿ ಬಡೀಬೇಕು. ನಿಮ್ಮ ಆಯಿ ಬೆಳಿಗ್ಗಿಂದ ಉಂಡಿಲ್ಲ.”

“ನೀ ಇಲ್ಲಿ ಇರಂಗಿಲ್ಲೇನು?”

“ಇಲ್ಲವ್ವ.”

ಹುಡುಗಿ ಸೀರೆ ಬಿಡಲಿಲ್ಲ. “ಹಂಗಾದ್ರ ನೀ ಯಾರ ಮನೀಕಿ?”

ಹೊನ್ನೂರಮ್ಮ ಅವಳ ಬೆರಳು ಒಂದೊಂದಾಗಿ ಬಿಡಿಸಿ, ಮಗಳ ತಲೆ ಸವರಿ, ರೊಟ್ಟಿ ಬಡಿಯಲು ಹೋದಳು.